ಚಿಲ್ಲರ್ ಫ್ರೀ

ಜೂನ್ 14, ಶನಿವಾರ

ಲಿಫ್ಟಿನ ಪಕ್ಕದ ಗೋಡೆಗೆ ಹೊಸ ನೋಟಿಸು ಅಂಟಿಸಿದ್ದಾರೆ. ಕಟ್ಟಡದ ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳು ಉಸ್ತುವಾರಿಯನ್ನು ಒಂದು ಕಂಪನಿಗೆ ವಹಿಸಿದ್ದು ಗೊತ್ತಿತ್ತು. ಆ ಕಂಪನಿಯ ಪ್ರಕಾರ, ತಾರಸಿಯ ಚಿಲ್ಲರ್‌ನಿಂದ ಪ್ರತಿ ಫ್ಲ್ಯಾಟಿಗೂ ಪೈಪಿನಲ್ಲಿ ಬರುವ ತಣ್ಣೀರಿಗೆ, ಅಂದರೆ ನಮ್ಮ ಏಸಿಗೆ, ಇನ್ನು ಮೇಲೆ ಬೇರೆ ಬಿಲ್ಲು. ಮೊದಲು ಠೇವಣಿ, ಆಮೇಲೆ ತಿಂಗಳು ತಿಂಗಳು. ಕಟ್ಟದವರ ಮನೆಯ ವಾಲ್ವ್ ಮುಚ್ಚಲಾಗುವುದು.

ದೇರಾದ ಈ ಮನೆಯನ್ನು ನಾವು ಹಿಡಿದದ್ದು ಹೊರಗೆ ನೇತುಹಾಕಿದ್ದ ಬ್ಯಾನರ್ ನೋಡಿ: ‘ಚಿಲ್ಲರ್ ಫ್ರೀ’. ಬಾಡಿಗೆ ಕರಾರಿನಲ್ಲೂ ಅದೇ ಎರಡು ಪದಗಳಿವೆ. ತಂಪಿನ ಖರ್ಚು ಮಾಲೀಕರದ್ದು ಎಂದು ಗಲ್ಫಿನ ಈ ಊರಿನಲ್ಲಿ ಅದಕ್ಕೆ ಅರ್ಥ. ಬಾಡಿಗೆ ಹೆಚ್ಚಿರುವುದೂ ಅದಕ್ಕೇ. ಉಳಿದವರಿಗೆ ಅದು ಸೌಕರ್ಯ, ನಮಗೆ ಔಷಧಿ. ನನ್ನ ಗಂಡ ಇಗ್ನೇಶಿಯಸ್‌ನ ನರಗಳ ಮೇಲಿನ ಹೊದಿಕೆ ಸವೆಯುತ್ತಿದೆ. ಮನೆ ತಂಪಿದ್ದರೆ ಅವನು ಕೋಲು ಹಿಡಿದು ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಳ್ಳುತ್ತಾನೆ, ಪೇಪರು ಓದುತ್ತಾನೆ, ನಾನು ಕೆಲಸದಿಂದ ಬರುವ ಹೊತ್ತಿಗೆ ಅನ್ನಕ್ಕೂ ಇಟ್ಟಿರುತ್ತಾನೆ. ಸೆಕೆ ಏರಿದರೆ ಕಾಲು ಅವನ ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ. ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಹನಿಸುವ ಮದ್ದು ನಾನು ಕೆಲಸ ಮಾಡುವ ಕ್ಲಿನಿಕ್ಕಿನ ವಿಮೆಯಿಂದ ಸಿಗುತ್ತದೆ. ಊರಿಗೆ ಹೋದರೆ ಅದು ನಮ್ಮ ಕೈಗೆ ಎಟಕುವಂಥದ್ದಲ್ಲ. ಇಲ್ಲಿರುವುದಕ್ಕೆ ಬೇರೆ ಕಾರಣ ಇಲ್ಲ.

ಹಂಗೇರಿಯನ್ ಕಾದಂಬರಿಯ ಅನುವಾದ ಅರ್ಧ ಓದಿಯಾಯಿತು. ಅನುವಾದಕರು ‘ಮೌನ’ ಎಂದಿರುವ ಕಡೆ ಮೂಲದಲ್ಲಿ ಬರೀ ‘ಸದ್ದಿಲ್ಲ’ ಎಂದಿದ್ದಿರಬೇಕು. ಹಂಗೇರಿಯನ್ ನನಗೆ ಬರುವುದಿಲ್ಲ. ಆದರೂ ಹಾಗನ್ನಿಸುತ್ತದೆ.

ಜೂನ್ 18, ಬುಧವಾರ

ಸಂಜೆ ನಮ್ಮ ಹಾಲಿನಲ್ಲಿ ಎಂಟು ಮನೆಯವರು ಸೇರಿದ್ದರು. ಎಲ್ಲರೂ ನಮ್ಮ ಕರಾವಳಿಯವರೇ, ಭಾಷೆ ಮಾತ್ರ ಬೇರೆ ಬೇರೆ. ಸಭೆ ಕನ್ನಡದಲ್ಲಿ ನಡೆಯಿತು, ಜಗಳ ತುಳುವಿನಲ್ಲಿ.

ಎದುರು ಮನೆಯ ಸಕೀನ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ಮೂಗು ಮಾತ್ರ ಆಗಲೇ ಅಜ್ಜಿಯದ್ದು. ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಉಳ್ಳಾಲದಿಂದ ಬಂದಿರುವ ಅವಳ ಅತ್ತೆ ಬೀಪಾತುಮ್ಮ ನನ್ನ ಕುರ್ಚಿಯಲ್ಲಿ ಕುಳಿತು ಎಲ್ಲರ ಮಾತು ಕೇಳಿಸಿಕೊಂಡರು. ಕೊನೆಗೆ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, “ಅಲ್ಲ ಬಾಯಮ್ಮ, ಚಿಲ್ಲರೆ ಫ್ರೀ ಅಂತ ಬರೆದ ಮೇಲೆ ಇವರು ನೋಟು ಕೇಳುದು ಯಾಕೆ?” ಎಂದರು.

ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

“ಚಿಲ್ಲರೆ ಅಲ್ಲ ಬೀಪಾತುಮ್ಮ, ಚಿಲ್ಲರ್. ನೀರು ತಂಪು ಮಾಡುವ ಮೆಷಿನ್,” ಎಂದಳು ಮೇಲಿನ ಮನೆಯ ಪ್ರಫುಲ್ಲಾ.

“ಎಂತದಾದ್ರೂ ಆಗ್ಲಿ. ಬಕೆಟಿನ ಒಟ್ಟಿಗೆ ಮಗ್ಗು ಫ್ರೀ ಅಂತ ಕೊಟ್ಟು, ಮತ್ತೆ ಮನೆಗೆ ಬಂದು ಮಗ್ಗಿನ ದುಡ್ಡು ಕೇಳ್ತಾರಾ?”

ಯಾರೂ ಕಟ್ಟುವುದಿಲ್ಲ ಎಂದು ತೀರ್ಮಾನವಾಯಿತು. ಎಲ್ಲರ ಪರವಾಗಿ ಕಂಪನಿಗೆ ಒಂದು ಪತ್ರ. ಅವರು ಬಗ್ಗದಿದ್ದರೆ ಬಾಡಿಗೆ ವ್ಯಾಜ್ಯದ ಕೋರ್ಟಿಗೆ ಅರ್ಜಿ. ಅರ್ಜಿಯ ಶುಲ್ಕಕ್ಕೆ ಈಗಲೇ ಎಲ್ಲರೂ ಪಾಲು ಹಾಕುವುದು, ಹಣ ನನ್ನಲ್ಲಿರುವುದು.

“ಬರೆಯುದು ಕೂಡ ನೀವೇ ಬಾಯಿ,” ಎಂದಳು ಪ್ರಫುಲ್ಲಾ. “ನಿಮ್ಮ ಇಂಗ್ಲಿಷಿಗೆ ಆ ಚಿಲ್ಲರಿಗೇ ಚಳಿ ಹಿಡೀಬೇಕು.”

“ಪರ್ಲ್ ಬರೆದ್ರೆ ಮುಗೀತು,” ಎಂದ ಇಗ್ನೇಶಿಯಸ್. “ಅವರು ಡಿಕ್ಷನರಿ ನೋಡಿ ಮುಗಿಸುವಾಗ ಡಿಸೆಂಬರ್ ಬರ್ತದೆ. ಏಸಿಯೇ ಬೇಡ.”

ಪತ್ರ ಬರೆದು ಅವನಿಗೆ ಓದಿ ಹೇಳಿದೆ. ಒಂದು ವಾಕ್ಯದ ಬಗ್ಗೆ ಅವನಿಗೆ ತಕರಾರು: ‘ಈ ನುಡಿಗೆ ಎರಡು ಅರ್ಥ ಸಾಧ್ಯವೆಂದು ಒಪ್ಪುತ್ತೇವೆ, ಆದರೆ ಈ ನಗರದ ಬಳಕೆಯಲ್ಲಿರುವುದು ಒಂದೇ.’

“ಮೊದಲಿನ ಅರ್ಧ ತೆಗಿ. ಅವರು ಕೇಳಿದ್ರಾ ನಿನ್ನತ್ರ?”

ಕೇಳಲಿಲ್ಲ. ಆದರೆ ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಸಕ್ಕರೆ ಇರುವುದಿಲ್ಲ, ಚಿಲ್ಲರ್ ಫ್ರೀ ಮನೆಯಲ್ಲಿ ಚಿಲ್ಲರ್ ಇರುತ್ತದೆ. ಎರಡು ಅರ್ಥ ಇರುವುದು ನಿಜ. ಇದ್ದದ್ದನ್ನು ಇಲ್ಲವೆನ್ನುವಂತೆ ಬರೆಯುವುದು ನನ್ನಿಂದಾಗದು. ವಾಕ್ಯವನ್ನು ಹಾಗೆಯೇ ಉಳಿಸಿ ಕಳಿಸಿದೆ.

ಜೂನ್ 25, ಬುಧವಾರ

ಕಂಪನಿಯ ಉತ್ತರ ಬಂತು. ‘ಬಾಡಿಗೆದಾರರೇ ತಮ್ಮ ಪತ್ರದಲ್ಲಿ ಒಪ್ಪಿಕೊಂಡಿರುವಂತೆ ಈ ನುಡಿಗೆ ಎರಡು ಅರ್ಥವಿದೆ. ನಮ್ಮ ಪ್ರಕಾರ ಅದರರ್ಥ, ಬಾಡಿಗೆಯಲ್ಲಿ ಚಿಲ್ಲರ್ ಸೇರಿಲ್ಲ.’ ನನ್ನ ವಾಕ್ಯದ ಎರಡನೆಯ ಅರ್ಧವನ್ನು ಅವರು ಬಿಟ್ಟಿದ್ದಾರೆ.

ಆಮೇಲೆ ಶರ್ವಿನ್ ಫೋನ್ ಮಾಡಿದ. ಕಂಪನಿಯಲ್ಲಿ ನಮ್ಮ ಕಟ್ಟಡ ನೋಡಿಕೊಳ್ಳುವವನು. ಮೂಡುಬೆಳ್ಳೆಯ ಕಡೆಯವನು, ಕೊಂಕಣಿಯಲ್ಲೇ ಮಾತಾಡುತ್ತಾನೆ.

“ಆಂಟಿ, ಬೇಜಾರು ಮಾಡ್ಬೇಡಿ. ನೀವು ಒಂದು ಸಾಲು ಕಮ್ಮಿ ಬರೆದಿದ್ರೆ ನಮ್ಮ ಲೀಗಲ್‌ನವರಿಗೆ ತಲೆನೋವಾಗ್ತಿತ್ತು. ಈಗ ಅವರು ಕೇಕ್ ಕಟ್ ಮಾಡ್ತಿದ್ದಾರೆ.”

“ಅದು ಅರ್ಧ ವಾಕ್ಯ ಶರ್ವಿನ್.”

“ಅವರಿಗೆ ಅರ್ಧವೇ ಬೇಕಿದ್ದದ್ದು ಆಂಟಿ. ಕಟ್ಟಿಬಿಡಿ. ಅಂಕಲ್‌ಗೆ ಕಷ್ಟ ಆಗ್ತದೆ.”

ಪ್ರಫುಲ್ಲಾ ಬಾಗಿಲಲ್ಲೇ ನಿಂತು ಹೇಳಿ ಹೋದಳು. “ಆಟ ಶುರುವಾಗುವ ಮೊದಲೇ ಎದುರು ಪಾರ್ಟಿಗೆ ಗೋಲು ಹೊಡೆದು ಕೊಡ್ತಾರಾ ಬಾಯಿ? ಅಷ್ಟು ದಪ್ಪ ದಪ್ಪ ಪುಸ್ತಕ ಓದಿದ್ದು ಇದಕ್ಕಾ?”

ಅವಳ ಮಾತು ಒರಟು. ತಪ್ಪಲ್ಲ. ನನ್ನ ಒಂದು ವಾಕ್ಯಕ್ಕೆ ಎಂಟು ಮನೆಗಳು ಬೆಲೆ ತೆರಬೇಕಾಗಬಹುದು. ನಮ್ಮ ಕೈಯಿಂದ ಕಟ್ಟುವುದು ಸಾಧ್ಯವೇ ಎಂದು ಕುಳಿತು ನೋಡಿದೆ. ಬ್ಯಾಂಕಿನಲ್ಲಿರುವುದು ಬಾಡಿಗೆಯ ಚೆಕ್ಕಿಗೆ. ಅದು ಬೌನ್ಸಾದರೆ ಮನೆಯೂ ಇಲ್ಲ. ಅದನ್ನು ಬಿಟ್ಟರೆ ಮಗಳು ಸ್ಟೇಸಿಯ ಶಾಲೆಗೆ ಕೊಡಬೇಕಾದದ್ದು. ಇಲ್ಲ.

ಜುಲೈ 2, ಬುಧವಾರ

ಮುಚ್ಚಿದರು. ಇಬ್ಬರು ಬಂದು ಕಾರಿಡಾರಿನ ಮೇಲ್ಛಾವಣಿಯ ಹಲಗೆ ಸರಿಸಿ, ಮನೆಗೊಂದರಂತೆ ವಾಲ್ವ್ ತಿರುಗಿಸಿ, ಕೆಂಪು ಬೀಗ ಹಾಕಿ ಹೋದರು. ಕರೆಂಟಿದೆ, ಲೈಟಿದೆ, ಫ್ರಿಜ್ ಇದೆ. ಗೋಡೆಯ ಜಾಲರಿಯಿಂದ ಗಾಳಿಯೂ ಬರುತ್ತಿದೆ. ಬಿಸಿಗಾಳಿ.

ಜುಲೈ 3, ಗುರುವಾರ

ಈ ಕಟ್ಟಡದ ಕಿಟಕಿಗಳು ತೆರೆಯುವುದಿಲ್ಲ, ಬರೀ ಗಾಜು. ಸಕೀನಳ ಗಂಡ ರಾಸ್ ಅಲ್ ಖೋರ್‌ನಲ್ಲಿ ಹಳೆಯ ಕಾರುಗಳ ಬಿಡಿಭಾಗ ಮಾರುತ್ತಾನೆ. ಅಲ್ಲಿಂದ ಎಲ್ಲರಿಗೂ ಸೆಕೆಂಡ್‌ಹ್ಯಾಂಡ್ ಕೂಲರ್ ತಂದುಕೊಟ್ಟ. ಅದು ಹಾಲನ್ನು ಹಬೆಮನೆ ಮಾಡಿತು, ಅಷ್ಟೆ. ಗಾಲಿಯ ಮೇಲೆ ಉರುಳಿಸುವ ಪೋರ್ಟಬಲ್ ಏಸಿ ಹಾಕಿದರೆ ಹಳೆಯ ವಯರಿಂಗು ತಡೆಯದೆ ಮಹಡಿಯ ಕರೆಂಟೇ ಹೋಗುತ್ತದೆ.

ಸ್ಟೇಸಿಯನ್ನು ಅಬುಧಾಬಿಗೆ, ಇಗ್ನೇಶಿಯಸ್‌ನ ಅಣ್ಣ ಹರ್ಬರ್ಟ್‌ನ ಮನೆಗೆ ಕಳಿಸಿದೆ. ಇರುವ ಎರಡು ಕೋಣೆಯಲ್ಲಿ ಒಂದನ್ನು ಅವರು ಬಾಡಿಗೆಗೆ ಕೊಟ್ಟಿದ್ದಾರೆ. ಹುಡುಗಿಗೆ ಅವರ ಹುಡುಗಿಯರ ನಡುವೆ ಜಾಗ ಸಿಗುತ್ತದೆ. ಬಚ್ಚಲಿಗೆ ಎತ್ತಿಕೊಂಡು ಹೋಗಬೇಕಾದ ಗಂಡಸಿಗೆ ಸಿಗುವುದಿಲ್ಲ. ಹರ್ಬರ್ಟ್ ಹಾಗೆ ಹೇಳಲಿಲ್ಲ. “ನೋಡುವಾ” ಎಂದ.

ಇಗ್ನೇಶಿಯಸ್ ಮಧ್ಯಾಹ್ನದಿಂದ ಎದ್ದಿಲ್ಲ. ಒದ್ದೆ ಬೆಡ್‌ಶೀಟ್ ಹೊದಿಸಿದೆ. ಐಸ್ ತುಂಬಿದ ಬಾಟಲಿಗಳನ್ನು ಕಂಕುಳಲ್ಲಿ ಇಟ್ಟೆ.

“ಬಂಗುಡೆಯನ್ನು ಹೀಗೇ ಇಡುದು,” ಎಂದ. “ಕಣ್ಣು ಕೆಂಪಾಗುವ ಮೊದಲು ಮಾರಿಬಿಡು ಪರ್ಲ್.”

ಜುಲೈ 6, ಭಾನುವಾರ

ಇಗರ್ಜಿಯ ಪೂಜೆಗೆ ಹೋಗಲಿಲ್ಲ. ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೈಪರ್‌ಮಾರ್ಕೆಟಿಗೆ ಕರೆದೊಯ್ದೆ. ಫ್ರೋಜನ್ ಸಾಮಾನಿನ ಸಾಲಿನಲ್ಲಿ, ತೆರೆದ ಪೆಟ್ಟಿಗೆಗಳ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿ, ಕೊಳ್ಳುವವಳಂತೆ ಕೋಳಿಯ ಪೊಟ್ಟಣಗಳನ್ನು ಎತ್ತಿ ಎತ್ತಿ ಇಡುತ್ತಾ ನಿಂತೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ಸ್ವಲ್ಪ ಹೊತ್ತಿಗೆ, “ಬ್ರೆಜಿಲಿನ ಕೋಳಿ. ಹಲಾಲ್. ಚರ್ಮ ಇಲ್ಲದ್ದು” ಎಂದ. ಚೀಟಿ ಓದುತ್ತಿದ್ದ. ಇಷ್ಟು ದಿನ ನನ್ನ ಮುಖವೂ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕೋಳಿಗಳ ನಡುವೆ ನಿಂತು ಅತ್ತೆ.

“ಅಳ್ಬೇಡ ಮಾರಾಯ್ತಿ. ಕೋಳಿ ತೀರಿಹೋದದ್ದಕ್ಕೆ ಅಳುದು ಅಂತ ಎಣಿಸ್ತಾರೆ.”

ಗಾರ್ಡ್ ಎರಡು ಸಲ ಬಂದು ಏನಾದರೂ ಬೇಕೇ ಎಂದು ವಿಚಾರಿಸಿದ. ಮೂರನೆಯ ಸಲ ಬರುವ ಮೊದಲು ಹೊರಟೆವು. ಕಟ್ಟಡದ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ಎಲ್ಲ ಮಂಜು. ಬಚ್ಚಲಲ್ಲಿ ನನ್ನ ಕೈಯಿಂದ ಜಾರಿ ಬಿದ್ದ. ಎತ್ತಲು ನನ್ನಿಂದಾಗಲಿಲ್ಲ. ಕೂಗಿದ್ದು ಕೇಳಿ ಸಕೀನಳ ಗಂಡ, ಪ್ರಫುಲ್ಲಾಳ ಗಂಡ ಇಬ್ಬರೂ ಓಡಿ ಬಂದರು. ಅವನಿಗೆ ಟವೆಲು ಸುತ್ತಲೂ ನನಗೆ ವ್ಯವಧಾನವಿರಲಿಲ್ಲ. ಪ್ರಫುಲ್ಲಾಳ ಗಂಡ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಅವನನ್ನು ಎತ್ತಿದ. ಆ ಸೌಜನ್ಯವನ್ನು ನಾನು ಮರೆಯಬಾರದು.

ಜುಲೈ 8, ಮಂಗಳವಾರ

ನಿನ್ನೆಯೂ ಇವತ್ತೂ ಅವನನ್ನು ಕ್ಲಿನಿಕ್ಕಿಗೇ ಕರೆದುಕೊಂಡು ಹೋಗಿ ಕಾಯುವ ಕೋಣೆಯಲ್ಲಿ ಕೂರಿಸಿದ್ದೆ. ಕೈಗೆ ಒಂದು ಟೋಕನ್ ಕೊಟ್ಟೆ, ರೋಗಿಯೆಂದು ಕಾಣಲಿ ಎಂದು. ಅವನು ರೋಗಿಯೇ, ಆ ಕ್ಲಿನಿಕ್ಕಿನವನಲ್ಲ. ಒಳಗೆ ಕುಳಿತು ನಾನು ಬೇರೆಯವರ ಕಾಯಿಲೆಗಳಿಗೆ ವಿಮೆಯ ಸಂಕೇತ ಸಂಖ್ಯೆ ಹಾಕುತ್ತಿದ್ದೆ. ಒಂದಂಕಿ ತಪ್ಪಿದರೆ ಯಾರದೋ ಮೊಣಕಾಲು ಯಾರದೋ ಮೂತ್ರಪಿಂಡವಾಗುತ್ತದೆ. ಇವತ್ತು ನಾಲ್ಕು ತಪ್ಪಿದವು.

ಊಟದ ಹೊತ್ತಿಗೆ ಮ್ಯಾನೇಜರ್ ಡ್ಯಾರಲ್ ಕರೆದರು. ಕೆಟ್ಟವರಲ್ಲ, ಬಜ್ಪೆಯವರು.

“ಪರ್ಲ್, ಹೊರಗೆ ಕೂತಿರುವ ಆ ಜಂಟಲ್‌ಮನ್‌ನ ನಂಬರ್ ನಿನ್ನೆಯಿಂದ ಬಂದಿಲ್ಲವಂತೆ. ಪೇಶೆಂಟ್ಸ್ ಕಂಪ್ಲೇಂಟ್ ಮಾಡ್ತಿದ್ದಾರೆ, ಇಷ್ಟು ಲೇಟಾದ್ರೆ ನಮ್ಮ ಗತಿ ಏನು ಅಂತ.”

ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಇವತ್ತಿಗೆ ಖಲಾಸ್ ಮಾಡಿ. ನಾಳೆಯಿಂದ ನಾನು ನೋಡಿಲ್ಲ ಅನ್ನುವ ಹಾಗಿಲ್ಲ.”

ಟ್ಯಾಕ್ಸಿಯಲ್ಲಿ ಇಗ್ನೇಶಿಯಸ್ ಟೋಕನನ್ನು ಜೇಬಿಗೆ ಹಾಕಿಕೊಂಡ. “ಒಳ್ಳೆ ಕ್ಲಿನಿಕ್ಕು. ಎರಡು ದಿನ ಕೂತರೂ ಒಬ್ಬ ಡಾಕ್ಟರೂ ಸೂಜಿ ಚುಚ್ಚಲಿಲ್ಲ.”

ಜುಲೈ 9, ಬುಧವಾರ

ಸ್ಟೇಸಿಯ ಮೆಸೇಜು: ‘ಮಮ್ಮಾ, ಜಸ್ಟ್ ಪೇ ದೆಮ್. ಪ್ಲೀಸ್.’

ಕಾದಂಬರಿ ತೆರೆದಿಲ್ಲ.

ಜುಲೈ 10, ಗುರುವಾರ

ರಜೆ ಹಾಕಿದೆ. ಅವನಿಗೆ ನೀರು ನುಂಗಲು ಕಷ್ಟ. ಮಾತು ತೊದಲುತ್ತಿದೆ. ಅವನ ನರರೋಗದ ಡಾಕ್ಟರಿಗೆ ಫೋನ್ ಮಾಡಿದೆ. “ಕಾಯಿಲೆ ಹೆಚ್ಚಾಗಿರಲಿಕ್ಕಿಲ್ಲ, ಇದು ಸೆಕೆಯಿಂದ. ಮನೆ ತಂಪಾಗಿಡಿ” ಎಂದರು. ಮದ್ದಿನ ಚೀಟಿ ಬರೆಯುವಷ್ಟು ಸಲೀಸಾಗಿ ಹೇಳಿದರು.

ಮಧ್ಯಾಹ್ನ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. “ನನ್ನನ್ನು ಊರಿಗೆ ಕಳಿಸು.”

“ಮದ್ದು?”

“ಮದ್ದು ಬೇಡ. ಅಂಗಳದಲ್ಲಿ ಬಾವಿ ಉಂಟು. ಮಳೆ ಉಂಟು. ಕೊಡದಲ್ಲಿ ಸುರಿದರೆ ಆಯ್ತು.”

“ಮದ್ದಿಲ್ಲದೆ ಒಂದು ವರ್ಷದಲ್ಲಿ ನೀನು ಹಾಸಿಗೆ ಬಿಟ್ಟು ಏಳುದಿಲ್ಲ.”

“ಈಗ ಎದ್ದು ಕುಣೀತಾ ಇದ್ದೇನಾ?”

ಅವನು ಆಮೇಲೂ ಎರಡು ಸಲ ಅದನ್ನೇ ಕೇಳಿದ. ಬಾಟಲಿಗಳನ್ನು ಬದಲಿಸಿದೆ.

ಬೀಪಾತುಮ್ಮ ಬಂದು ಅರ್ಜಿ ಯಾವಾಗ ಎಂದು ವಿಚಾರಿಸಿದರು. ಸೋಮವಾರ ಎಂದೆ. ಮಗುವಿನ ಬೆನ್ನು ತೋರಿಸಿದರು. ಬೆವರುಸಾಲೆ, ಕುತ್ತಿಗೆಯಿಂದ ಸೊಂಟದವರೆಗೆ. ಮಕ್ಕಳಿಗೆ ಅದು ಸಾಮಾನ್ಯ. “ರಾತ್ರಿಯಿಡೀ ಅಳ್ತದೆ ಬಾಯಮ್ಮ, ನಾನೂ ಅದರ ಒಟ್ಟಿಗೆ ಅಳುದು. ನಿಮ್ಮ ಕಾಗದದಿಂದ ಸೋಮವಾರ ಎಲ್ಲ ಸರಿಯಾಗ್ತದಲ್ಲ?” ಸೋಮವಾರ ಅರ್ಜಿ ಹಾಕಿದರೆ ವಿಚಾರಣೆಗೆ ಎಷ್ಟು ವಾರ ಹಿಡಿಯುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳಲಿಲ್ಲ.

ಜುಲೈ 11, ಶುಕ್ರವಾರ

ಶರ್ವಿನ್‌ನ ಆಫೀಸಿಗೆ ಹೋಗಿ ನಮ್ಮ ಮನೆಯ ಠೇವಣಿ ಮತ್ತು ಮೊದಲ ಬಿಲ್ಲಿನ ವ್ಯವಸ್ಥೆ ಮಾಡಿ ಬಂದೆ. ಅಲಮಾರಿಯಲ್ಲಿ ಅರ್ಜಿಗೆಂದು ಇಟ್ಟದ್ದಿತ್ತು, ಅದರಿಂದ ಸದ್ಯಕ್ಕೆ ಹೊಂದಿಸಿಕೊಂಡೆ. ಅರ್ಜಿ ಕೆಲವು ವಾರ ಮುಂದೆ ಹೋದರೆ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಹೇಗೂ ಗೆಲ್ಲುವ ಸಾಧ್ಯತೆ ಕಡಿಮೆ. ಅಷ್ಟರಲ್ಲಿ ಎಲ್ಲಿಂದಲಾದರೂ ಮರಳಿ ಸೇರಿಸಬಹುದು.

“ಎಂಟೂ ಮನೆಯದ್ದಾ ಆಂಟಿ?” ಎಂದ ಶರ್ವಿನ್, ನೋಟು ಎಣಿಸುತ್ತಾ.

“ನಮ್ಮದು ಮಾತ್ರ.”

ಅವನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಎಣಿಸಿದ. “ಒಳ್ಳೆದಾಯ್ತು. ಅಂಕಲ್‌ಗೆ ನಾನು ಕೇಳಿದೆ ಅಂತ ಹೇಳಿ. ಸಂಜೆಯೊಳಗೆ ಹುಡುಗರನ್ನು ಕಳಿಸ್ತೇನೆ.”

ಉಳಿದ ಮನೆಗಳಲ್ಲಿ ಕಾಯಿಲೆಯವರಿಲ್ಲ. ಇದನ್ನೂ ಗಮನಿಸಬೇಕು.

ಬೀಗ ತೆಗೆಯುವಾಗ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಜುಮ್ಮಾ ದಿನ, ಎಲ್ಲರೂ ಹೊರಗೆ.

ಜುಲೈ 12, ಶನಿವಾರ

ಎಂಥ ದಿನ! ಬೆಳಿಗ್ಗೆ ಅಡುಗೆಮನೆಯಿಂದ ಸದ್ದು ಕೇಳಿ ಎಚ್ಚರವಾಯಿತು. ಇಗ್ನೇಶಿಯಸ್ ಒಲೆಯ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚಹಾದ ಪಾತ್ರೆ. “ಎದ್ದಿರಾ ಮೇಡಂ? ರೂಮ್ ಸರ್ವಿಸ್” ಎಂದ, ಹೋಟೆಲಿನಲ್ಲಿ ಕೆಲಸಕ್ಕಿದ್ದಾಗಿನ ಅದೇ ಧಾಟಿಯಲ್ಲಿ. ಮಾತು ತೊದಲಲಿಲ್ಲ. ಪೇಪರು ಓದಿದ, ಪದಬಂಧ ಅರ್ಧ ಬಿಡಿಸಿದ, ನನ್ನ ಕೂದಲಲ್ಲಿ ಬಿಳಿ ಹೆಚ್ಚಾಗಿದೆ ಎಂದ. ಅವನ ಪಾದ ಮುಟ್ಟಿ ನೋಡಿದೆ. ತಣ್ಣಗಿತ್ತು. ಅದಕ್ಕಿಂತ ಚೆಂದದ್ದನ್ನು ಈಚೆಗೆ ಮುಟ್ಟಿಲ್ಲ.

ಹಣ ಎಲ್ಲಿಂದ ಬಂತೆಂದು ಕೇಳಿದ. ಅವನ ಹಳೆಯ ಜೊತೆಗಾರ ಎಲ್ರಾಯ್ ಕೊಟ್ಟನೆಂದೆ. ರೋಗಿಯ ಮನಸ್ಸಿಗೆ ನೆಮ್ಮದಿ ಬೇಕು.

“ಎಲ್ರಾಯ್? ಆ ಕಂಜೂಸ? ಅವನು ನನ್ನ ಬೀಳ್ಕೊಡುಗೆಗೆ ಸಮೋಸದ ದುಡ್ಡೂ ಕೊಟ್ಟವನಲ್ಲ!” ಎಂದು ತುಂಬ ಹೊತ್ತು ನಕ್ಕ. “ಮನುಷ್ಯರನ್ನು ಹೀಗೆ ಅಂತ ಹೇಳ್ಲಿಕ್ಕಾಗುದಿಲ್ಲ ನೋಡು.”

ಮಧ್ಯಾಹ್ನ ಕಾದಂಬರಿ ಹಿಡಿದು ಮೂವತ್ತು ಪುಟ ಓದಿದೆ. ಅನುವಾದ ಎಷ್ಟೋ ಸುಧಾರಿಸಿದೆ, ಅಥವಾ ನಾನು ಅಷ್ಟು ಗಮನಿಸಲಿಲ್ಲ.

ನಮ್ಮ ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದಿ ಇದೆ. ತಂಪು ಕಾರಿಡಾರಿಗೆ ಸೋರುತ್ತಿತ್ತು. ದೊಡ್ಡ ಟವೆಲು ಸುರುಳಿ ಸುತ್ತಿ ತುರುಕಿದೆ. ಸುಮ್ಮನೆ ಪೋಲಾಗುವುದು ಬೇಡ.

ಪ್ರಫುಲ್ಲಾಳ ಫೋನ್ ಬಂತು. ಸೋಮವಾರಕ್ಕೆ ಎಲ್ಲ ತಯಾರೇ ಎಂದು. ಒಂದು ಕಾಗದ ಬಾಕಿಯಿದೆ, ಸ್ವಲ್ಪ ತಡವಾಗಬಹುದು ಎಂದೆ. “ಎಂತ ಬಾಯಿ ಇದು, ನಾವು ಇಲ್ಲಿ ಇಡ್ಲಿಯ ಹಾಗೆ ಬೇಯ್ತಾ ಇದ್ದೇವೆ!” ಜನ ತಾಳ್ಮೆ ಕಳೆದುಕೊಂಡರೆ ಮಾತಿನ ಮೇಲೆ ಹಿಡಿತವಿರುವುದಿಲ್ಲ.

ಜುಲೈ 13, ಭಾನುವಾರ

ಊಟವಾಗಿ ಅವನು ಕುರ್ಚಿಯಲ್ಲಿ ಕುಳಿತಿದ್ದ, ನಾನು ಪಾತ್ರೆ ಒರೆಸುತ್ತಿದ್ದೆ. ಬಾಗಿಲಿನಾಚೆ ಮಗು ಅತ್ತಿತು. ಎಲ್ಲಿಂದಲೋ ಅಲ್ಲ, ಬಾಗಿಲಿಗೆ ತಾಗಿಯೇ. ಇಣುಕುಗಂಡಿಯಿಂದ ನೋಡಿದೆ. ಬೀಪಾತುಮ್ಮ ನೆಲದ ಮೇಲೆ ಕಾಲು ಚಾಚಿ, ನಮ್ಮ ಬಾಗಿಲಿಗೆ ಬೆನ್ನು ಒರಗಿಸಿ ಕುಳಿತಿದ್ದರು. ಮಗುವಿನ ಬರಿಬೆನ್ನನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದರು. ಬಾಗಿಲು ಕಬ್ಬಿಣದ್ದು. ಒಳಗಿನ ತಂಪಿಗೆ ಅದು ತಣ್ಣಗಾಗಿತ್ತು. ಇದು ನನಗೆ ಹೊಳೆದಿರಲಿಲ್ಲ.

“ಯಾರು ಹೊರಗೆ?”

“ಯಾರೂ ಇಲ್ಲ,” ಎಂದೆ.

ಮಗು ಮತ್ತೆ ಅತ್ತಿತು. ಇಗ್ನೇಶಿಯಸ್ ನನ್ನನ್ನು ನೋಡಿದ. ಅವನ ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ. ಅವನು ಕೋಲು ಹಿಡಿದು ಎದ್ದ. ನನ್ನನ್ನು ಕರೆಯಲಿಲ್ಲ, ಗೋಡೆಗೂ ಒರಗಲಿಲ್ಲ. ಬಾಗಿಲವರೆಗೆ ನಡೆದು, ಕೋಲಿನ ತುದಿಯಿಂದ ಟವೆಲನ್ನು ಎಳೆದು ಪಕ್ಕಕ್ಕೆ ಹಾಕಿ ಚಿಲಕ ತೆಗೆದ. ಒರಗಿದ್ದ ಬೀಪಾತುಮ್ಮ ಹಿಂದಕ್ಕೆ ವಾಲಿ ನಮ್ಮ ಹೊಸ್ತಿಲೊಳಗೇ ಬಂದುಬಿಟ್ಟರು.

“ಯಾ ಅಲ್ಲಾಹ್! ಪೊರ್ಬುಗಳೇ, ನೀವು ನಡೀತೀರಾ!”

“ನಡೀತೇನೆ,” ಎಂದ ಇಗ್ನೇಶಿಯಸ್. 





“ಒಳಗೆ ಬನ್ನಿ. ಇಲ್ಲಿ ಆಗಲೇ ಕ್ರಿಸ್ಮಸ್ ಬಂದಾಗಿದೆ. ಸಕೀನಳನ್ನೂ ಕರೀರಿ. ಮೇಲಿನವರನ್ನೂ ಕರೀರಿ.”

ಅವರೆಲ್ಲ ಬಂದರು. ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ ಕೈಕಾಲು ಚೆಲ್ಲಿದವು. ಸಕೀನ ಜಾಲರಿಯ ಕೆಳಗೆ ಕಣ್ಣು ಮುಚ್ಚಿ ನಿಂತಳು. ತಲೆವಸ್ತ್ರದ ಅಂಚು ಗಾಳಿಗೆ ಅಲುಗುತ್ತಿತ್ತು. ಪ್ರಫುಲ್ಲಾ ಕೊನೆಯಲ್ಲಿ ಬಂದು ಬಾಗಿಲ ಬಳಿಯೇ ನಿಂತಳು.

“ಓಹೋ. ಬಾಯಿಯ ಮನೆಗೆ ಒಂದಕ್ಕೇ ಬೀಗ ತೆಗೆದದ್ದಾ?”

“ಕಟ್ಟಿ ಆಯ್ತು ಪ್ರಫುಲ್ಲಾ,” ಎಂದ ಇಗ್ನೇಶಿಯಸ್. “ಹೋಟೆಲಿನ ಒಬ್ಬ ಫ್ರೆಂಡ್ ಕೊಟ್ಟ. ಎಲ್ರಾಯ್ ಅಂತ. ಕಂಜೂಸ ಅಂತ ಇಷ್ಟು ವರ್ಷ ಬೈದದ್ದೆಲ್ಲ ಸುಳ್ಳಾಯ್ತು. ಕೂತ್ಕೊಳ್ಳಿ, ನೀವು ನಿಂತರೆ ತಂಪು ಮೇಲಿನ ಮನೆಗೆ ಹೋಗುದಿಲ್ಲ.”

ಅವಳಿಗೆ ನಗು ಬಂತು. ಕುಳಿತಳು. ಇಗ್ನೇಶಿಯಸ್ ಎಲ್ಲರಿಗೂ ಶರಬತ್ತು ಮಾಡಿದ, ನಡುನಡುವೆ ಕೋಲನ್ನು ಮರೆತು. ಬೀಪಾತುಮ್ಮ ನನ್ನ ಕುರ್ಚಿಯಲ್ಲಿ ಕುಳಿತು ಮಗುವನ್ನು ಮಡಿಲಲ್ಲಿ ಬೋರಲು ಮಲಗಿಸಿದರು. ಅದರ ಬೆನ್ನು ನನಗೆ ಹತ್ತಿರದಿಂದ ಕಂಡಿತು. ಬರೀ ಬೆವರುಸಾಲೆಯಲ್ಲ, ಎರಡು ಕಡೆ ಒಡೆದು ಕೀವಾಗಿತ್ತು. ಅಳು ನಿಂತಿತು. ಬಾಯಿ ತೆರೆದುಕೊಂಡೇ ಮಲಗಿತು.

ಬೀಪಾತುಮ್ಮ ಎರಡೂ ಕೈ ಮೇಲೆತ್ತಿದರು. “ಆ ಎಲ್ರಾಯ್ ಅನ್ನುವವನಿಗೆ ಪಡೆದವನು ಆಯಸ್ಸು ಕೊಡ್ಲಿ. ಅವನ ಮಕ್ಕಳು ಮರಿಗಳು ಸೆಕೆ ಕಾಣದೆ ಬದುಕ್ಲಿ. ಯಾರ ಮಗನೋ, ಯಾರ ದುಡ್ಡೋ, ನನ್ನ ಪುಳ್ಳಿ ಮಲಗಿತು. ಆಮೀನ್ ಹೇಳಿ ಬಾಯಮ್ಮ.”

ಎಲ್ಲರೂ ಹೇಳಿದರು. ಪ್ರಫುಲ್ಲಾ ಕೂಡ. ನನ್ನ ಬಾಯಿಂದ ಆ ಪದ ಹೊರಡಲಿಲ್ಲ.

“ಎಲ್ರಾಯ್ ಅಲ್ಲ,” ಎಂದೆ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇಗ್ನೇಶಿಯಸ್‌ಗೆ ಕೇಳಿಸಿತು. ಅವನು ಲೋಟಗಳನ್ನು ಮೇಜಿನ ಮೇಲಿಟ್ಟ.

“ಅದು ನಿಮ್ಮ ಹಣ. ಅರ್ಜಿಗೆ ಅಂತ ನೀವು ಕೊಟ್ಟದ್ದು. ಶುಕ್ರವಾರ ನಾನು ಅದನ್ನು ಕದ್ದೆ.”

ಬೀಪಾತುಮ್ಮನ ಕೈಗಳು ಇನ್ನೂ ಮೇಲೆಯೇ ಇದ್ದವು. ಅವರು ಅವನ್ನು ನಿಧಾನವಾಗಿ ಇಳಿಸಿ ಮಗುವಿನ ತಲೆಯ ಮೇಲಿಟ್ಟರು. ಸಕೀನ ಜಾಲರಿಯ ಕೆಳಗಿಂದ ಸರಿದಳು, ಒಂದು ಹೆಜ್ಜೆಯಷ್ಟು.

“ಎಷ್ಟು ಉಳಿದಿದೆ?” ಎಂದಳು ಪ್ರಫುಲ್ಲಾ.

“ಏನೂ ಇಲ್ಲ.”

“ಅಂದರೆ ನಾಳೆ ಅರ್ಜಿಯೂ ಇಲ್ಲ.”

“ಇಲ್ಲ.”

ಇಗ್ನೇಶಿಯಸ್ ಗೋಡೆ ಹಿಡಿದುಕೊಂಡು ಕುಳಿತ. ಅವನು ನನ್ನ ಕಡೆ ನೋಡಲಿಲ್ಲ. ಈಗ ಎಲ್ಲರೂ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿ ಎಂದೂ ಅನ್ನಿಸಿತು. ಪ್ರಫುಲ್ಲಾ ಎದ್ದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಬಾಗಿಲಿನ ಕಡೆ ನಡೆದಳು. ಬಂದಾಗಿನಿಂದ ಬಾಗಿಲು ಅರೆತೆರೆದೇ ಇತ್ತು. ಕಾರಿಡಾರಿನ ಸೆಕೆ ಒಳಗೆ ನುಗ್ಗುತ್ತಿತ್ತು.

ಅವಳು ಬಾಗಿಲನ್ನು ಒಳಗಿನಿಂದ ಮುಚ್ಚಿದಳು. ಬಿದ್ದಿದ್ದ ಟವೆಲನ್ನು ಕಾಲಿನಿಂದ ಸಂದಿಗೆ ತಳ್ಳಿದಳು. ಮತ್ತೆ ಬಂದು, ನನಗೆ ಬೆನ್ನು ಹಾಕಿ, ತನ್ನ ಜಾಗದಲ್ಲಿ ಕುಳಿತಳು.